ಮನಃಶ್ರಮವೂ ಮಿದುಳಿನ ರಕ್ತಪ್ರವಾಹವೂ: ಪ್ರಮಾಣಗಳ ವಿಮರ್ಶೆ

೧

ಮನುಷ್ಯನು ಗಾಢವಾಗಿ ಆಲೋಚಿಸುವಾಗ ಅವನ ಮಿದುಳಿಗೆ ಹೆಚ್ಚು ರಕ್ತ ಹರಿಯುತ್ತದೆಯೆ? ಪ್ರಶ್ನೆ ನೋಡುವುದಕ್ಕೆ ಸರಳವಾದುದು. ಓಡುವವನ ಕಾಲಿನ ಸ್ನಾಯುಗಳಿಗೆ ಹೆಚ್ಚು ರಕ್ತ ಬೇಕಾಗುವಂತೆ, ಉಂಡವನ ಜಠರಕ್ಕೆ ಹೆಚ್ಚು ರಕ್ತ ಬೇಕಾಗುವಂತೆ, ಲೆಕ್ಕ ಬಿಡಿಸುವವನ ಮಿದುಳಿಗೂ ಹೆಚ್ಚು ರಕ್ತ ಬೇಕಾಗುವುದು ಸಹಜವೆಂದು ಯಾರಿಗಾದರೂ ತೋರುತ್ತದೆ. ಆದರೆ ಶರೀರಕ್ರಿಯಾಶಾಸ್ತ್ರದ ಬರವಣಿಗೆಗಳನ್ನು ಕಾಲಾನುಕ್ರಮವಾಗಿ ಓದುತ್ತ ಹೋದವನಿಗೆ ದೊರೆಯುವ ಉತ್ತರ ಒಂದೇ ಬಗೆಯದಲ್ಲ. ೧೮೮೦ರ ಸುಮಾರಿನಲ್ಲಿ ಹೌದೆಂಬ ಉತ್ತರ ಬಂದಿತು. ೧೮೯೬ರಲ್ಲಿ ಇಲ್ಲವೆಂಬ ಉತ್ತರ. ೧೯೨೮ರಲ್ಲಿ ಮತ್ತೆ ಹೌದೆಂದೂ ೧೯೫೫ರಲ್ಲಿ ಮತ್ತೆ ಇಲ್ಲವೆಂದೂ ಬಂದಿತು. ೧೯೮೬ರಿಂದ ಈಚೆಗೆ ಹೌದೆಂಬುದಷ್ಟೇ ಅಲ್ಲ, ಅವಶ್ಯಕತೆಗಿಂತಲೂ ಮಿಗಿಲಾಗಿ ಹರಿಯುತ್ತದೆ ಎಂಬ ಉತ್ತರ ನಿಂತಿದೆ.

ಹೀಗೆ ತಿರುಗಿ ತಿರುಗಿ ಬದಲಾದ ಉತ್ತರವನ್ನು ಕಂಡು, ಹಿಂದಿನವರು ಅಜ್ಞರು, ಈಚಿನವರು ವಿಜ್ಞರು ಎಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ಸರಿಯಲ್ಲವೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಬಹುಪಾಲು ಈಗಲೂ ನಿಲ್ಲತಕ್ಕವೇ ಆಗಿವೆ. ಅವು ಒಂದನ್ನೊಂದು ಖಂಡಿಸುವಂತೆ ಕಾಣುವುದಕ್ಕೆ ಕಾರಣ, ಒಂದೊಂದು ಉಪಕರಣವೂ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿರುವುದು. ಓದುಗರೂ ಎಷ್ಟೋ ವೇಳೆ ಸಂಶೋಧಕರೂ ಆ ಉತ್ತರಗಳನ್ನೆಲ್ಲ ಒಂದೇ ಪ್ರಶ್ನೆಯ ಕೆಳಗೆ ಬರೆದುಕೊಂಡಿರುವುದು. ಇಲ್ಲಿ ಮುಖ್ಯವಾಗಿ ಮೂರು ಗೊಂದಲಗಳಿವೆ. ಒಂದು, ಅವಯವದ ಸಮಗ್ರ ಮೊತ್ತವನ್ನೂ ಅದರ ಒಂದು ಭಾಗದ ಮೊತ್ತವನ್ನೂ ಬೇರ್ಪಡಿಸದಿರುವುದು. ಎರಡು, ನಾಳದಲ್ಲಿ ತುಂಬಿರುವ ರಕ್ತ, ನಾಳದ ಮೂಲಕ ಹಾದುಹೋಗುವ ರಕ್ತ, ಆ ರಕ್ತ ಸಾಗುವ ವೇಗ ಎಂಬ ಮೂರನ್ನೂ ಒಂದೆಂದು ಭಾವಿಸುವುದು. ಮೂರು, ಮನಸ್ಸಿನ ಶ್ರಮವನ್ನೂ ಮನಸ್ಸಿನ ಉದ್ವೇಗವನ್ನೂ ಒಂದೇ ಹೆಸರಿನಿಂದ ಕರೆಯುವುದು.

ಇದು ಕೇವಲ ಪಂಡಿತರ ಚರ್ಚೆಯಲ್ಲ. ಇಂದು ಮಿದುಳಿನ ರಕ್ತಪ್ರವಾಹವನ್ನು ಚಿತ್ರಿಸುವ ಯಂತ್ರಗಳು ದೊಡ್ಡ ಆಸ್ಪತ್ರೆಗಳಲ್ಲಿವೆ. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ವೃದ್ಧರ ಬುದ್ಧಿಶಕ್ತಿಯನ್ನು ಕುರಿತೂ ಮಕ್ಕಳ ಕಲಿಕೆಯನ್ನು ಕುರಿತೂ ನಿರ್ಣಯಗಳನ್ನು ಹೇಳುವವರಿದ್ದಾರೆ. ಚಿತ್ರ ತೋರಿಸುತ್ತಿರುವುದು ರಕ್ತನಾಳದ ವರ್ತನೆಯನ್ನೋ ನರಕೋಶದ ವರ್ತನೆಯನ್ನೋ ಎಂಬುದು ತಿಳಿಯದೆ ಹೇಳಿದ ನಿರ್ಣಯ ಒಬ್ಬ ಮನುಷ್ಯನ ಮೇಲೆ ಹೊರಿಸಿದ ಅಪವಾದವಾಗಬಹುದು. ಆದಕಾರಣ ಪ್ರಮಾಣಗಳನ್ನು ಒಂದೊಂದಾಗಿ ಪರಿಶೀಲಿಸುವುದು ಅವಶ್ಯ.

೨

ಈ ಪ್ರಶ್ನೆಯನ್ನು ಪ್ರಯೋಗದ ಮಟ್ಟಕ್ಕೆ ತಂದ ಕೀರ್ತಿ ಇಟಲಿಯ ಟುರಿನ್ ನಗರದ ಶರೀರಕ್ರಿಯಾಶಾಸ್ತ್ರಜ್ಞ ಆಂಜೆಲೊ ಮೊಸ್ಸೊನಿಗೆ (೧೮೪೬–೧೯೧೦) ಸಲ್ಲುತ್ತದೆ. ಗಾಯದಿಂದ ತಲೆಬುರುಡೆಯಲ್ಲಿ ರಂಧ್ರ ಉಳಿದಿದ್ದ ಕೆಲವರನ್ನು ಅವನು ಪರೀಕ್ಷಿಸಿದನು. ಅಂಥ ರಂಧ್ರದ ಮೇಲಿನ ಚರ್ಮ ಒಳಗಿನ ಮಿದುಳಿನ ಮಿಡಿತಕ್ಕೆ ತಕ್ಕಂತೆ ಏರಿಳಿಯುತ್ತದೆ. ಆ ಏರಿಳಿತವನ್ನು ಸುತ್ತುವ ಉರುಳೆಯ ಮೇಲೆ ರೇಖೆಯಾಗಿ ಬರೆಸುವ ಉಪಕರಣವನ್ನು ಮೊಸ್ಸೊ ಅಳವಡಿಸಿದನು. ಬೆರ್ತಿನೊ ಎಂಬ ರೈತನಿಗೆ ಎಂಟು ಹನ್ನೆರಡಲೆ ಎಷ್ಟೆಂದು ಕೇಳಿದಾಗ ರೇಖೆ ಎತ್ತರಿಸಿತು. ನಡುಹಗಲಿನ ಚರ್ಚಿನ ಗಂಟೆ ಕೇಳಿಬಂದಾಗಲೂ ರೇಖೆ ಎತ್ತರಿಸಿತು. ಆ ಗಂಟೆ ಪ್ರಾರ್ಥನೆಯನ್ನು ನೆನಪಿಗೆ ತಂದಿತೆ ಎಂದು ಕೇಳಿದಾಗ ಮತ್ತೆ ಎತ್ತರಿಸಿತು. ಮುಂದೋಳಿನ ಮಿಡಿತವನ್ನೂ ಜೊತೆಯಲ್ಲಿಯೇ ದಾಖಲಿಸಿ, ಅಲ್ಲಿ ಅದಕ್ಕೆ ಸರಿಯಾದ ಬದಲಾವಣೆ ಇಲ್ಲವೆಂಬುದನ್ನು ಮೊಸ್ಸೊ ತೋರಿಸಿದನು. ಎಂದರೆ, ಇಡೀ ದೇಹದ ರಕ್ತದೊತ್ತಡ ಏರಿದ್ದರಿಂದ ಮಾತ್ರ ಮಿದುಳಿನ ಮಿಡಿತ ಏರಿತೆಂಬ ಆಕ್ಷೇಪಣೆಗೆ ಅವನು ಮೊದಲೇ ಸಮಾಧಾನ ಹುಡುಕಿದ್ದನು. ಆ ಕಾಲದಲ್ಲಿ ಇಂಥ ಎಚ್ಚರ ಸಾಮಾನ್ಯವಲ್ಲ.

ಹೀಗಿದ್ದರೂ ಎರಡು ಮಾತುಗಳನ್ನು ಹೇಳಬೇಕಾಗಿದೆ. ಮೊದಲನೆಯದಾಗಿ, ಮಿಡಿತದ ಎತ್ತರ ರಕ್ತಪ್ರವಾಹದ ಅಳತೆಯಲ್ಲ. ಒಂದು ಬಡಿತಕ್ಕೂ ಇನ್ನೊಂದು ಬಡಿತಕ್ಕೂ ನಡುವೆ ಮಿದುಳು ಎಷ್ಟು ಉಬ್ಬಿ ಎಷ್ಟು ಇಳಿಯಿತೆಂಬುದನ್ನು ಅದು ತಿಳಿಸುತ್ತದೆ. ನಿಮಿಷಕ್ಕೆ ಎಷ್ಟು ರಕ್ತ ಹಾದುಹೋಯಿತೆಂಬುದನ್ನಲ್ಲ. ಎರಡನೆಯದಾಗಿ, ಗುಣಾಕಾರವೂ ಗಂಟೆಯ ನಾದವೂ ಒಂದೇ ಬಗೆಯ ರೇಖೆಯನ್ನು ಬರೆಸಿದವು. ಒಂದು ಲೆಕ್ಕ, ಇನ್ನೊಂದು ಮಾಡಬೇಕಾಗಿದ್ದ ಪ್ರಾರ್ಥನೆಯ ನೆನಪು, ಅದರ ಜೊತೆಗೆ ಬಹುಶಃ ಒಂದು ಸಣ್ಣ ಅಳುಕು. ಶ್ರಮ ಯಾವುದು, ಉದ್ವೇಗ ಯಾವುದು ಎಂಬುದನ್ನು ಬೇರ್ಪಡಿಸುವ ಶಕ್ತಿ ಆ ರೇಖೆಗಿರಲಿಲ್ಲ. ಈ ತೊಡಕು ಮೊಸ್ಸೊನ ಕಾಲಕ್ಕೆ ಮುಗಿಯಲಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

ಮೊಸ್ಸೊನ ಇನ್ನೊಂದು ಸಾಧನ ಮನುಷ್ಯನನ್ನು ಮಲಗಿಸಿ ತೂಗುವ ತಕ್ಕಡಿ. ಆಲೋಚನೆಯಾಗಲಿ ಭಾವವಾಗಲಿ ಮೂಡಿದಾಗ ತಕ್ಕಡಿಯ ತಲೆಯ ಕಡೆ ತಗ್ಗುತ್ತಿತ್ತೆಂದು ಅವನು ಹೇಳಿದನು. ೧೮೯೦ರಲ್ಲಿ ಪ್ರಕಟವಾದ ತನ್ನ ಮನಶ್ಶಾಸ್ತ್ರದ ಗ್ರಂಥದಲ್ಲಿ ವಿಲಿಯಂ ಜೇಮ್ಸ್ ಇದನ್ನು ಉಲ್ಲೇಖಿಸಿದುದರಿಂದ ಈ ತಕ್ಕಡಿಗೆ ಪ್ರಸಿದ್ಧಿ ಬಂದಿತು. ವಿಮರ್ಶೆಯ ದೃಷ್ಟಿಯಿಂದ ಇದೇ ಅವನ ಅತ್ಯಂತ ದುರ್ಬಲ ಪ್ರಮಾಣ. ಉಸಿರಿನ ಏರಿಳಿತ, ಕೈಕಾಲುಗಳಿಂದ ಎದೆಯ ಕಡೆಗೆ ಸರಿದ ರಕ್ತ, ಅರಿವಿಲ್ಲದೆ ಆದ ಚಲನೆ ಇವೆಲ್ಲವೂ ತಕ್ಕಡಿಯನ್ನು ಬಾಗಿಸಬಲ್ಲವು. ಅಲ್ಲದೆ ತಕ್ಕಡಿ ತೂಗುವುದು ಒಂದು ಕಡೆ ತುಂಬಿರುವ ರಕ್ತವನ್ನು, ಹರಿಯುವ ರಕ್ತವನ್ನಲ್ಲ.

೩

ತುಂಬಿರುವುದಕ್ಕೂ ಹರಿಯುವುದಕ್ಕೂ ಇರುವ ಈ ಅಂತರವೇ ಮುಂದಿನ ವಿವಾದದ ಮೂಲ. ಎಡಿನ್‌ಬರೊದ ಅಲೆಗ್ಸಾಂಡರ್ ಮನ್ರೊ ೧೭೮೩ರಲ್ಲಿಯೂ ಜಾರ್ಜ್ ಕೆಲಿ ೧೮೨೪ರಲ್ಲಿಯೂ ಒಂದು ಸಿದ್ಧಾಂತವನ್ನು ಮುಂದಿಟ್ಟಿದ್ದರು: ತಲೆಬುರುಡೆ ಗಟ್ಟಿಯಾದ ಪೆಟ್ಟಿಗೆ, ಅದರೊಳಗಿನ ಮಿದುಳು ಅದುಮಲಾರದ ವಸ್ತು, ಆದ್ದರಿಂದ ಅದರಲ್ಲಿರುವ ರಕ್ತದ ಪರಿಮಾಣ ಹೆಚ್ಚುಕಡಮೆ ಸ್ಥಿರ. ಮಿದುಳಿನ ಸುತ್ತಣ ದ್ರವವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಈ ಸಿದ್ಧಾಂತ ತಿದ್ದುಪಡಿಯಾಗಿ ಇಂದಿಗೂ ಉಳಿದಿದೆ. ಆದರೆ ಪರಿಮಾಣ ಸ್ಥಿರವೆಂದಮಾತ್ರಕ್ಕೆ ಪ್ರವಾಹವೂ ಸ್ಥಿರವೆಂದಾಗುವುದಿಲ್ಲ. ತುಂಬಿ ಹರಿಯುವ ಕೊಳವೆಯಲ್ಲಿ ನೀರಿನ ಮಟ್ಟ ಬದಲಾಗದೆಯೇ ನಿಮಿಷಕ್ಕೆ ಹಾದುಹೋಗುವ ನೀರು ಎರಡರಷ್ಟಾಗಬಹುದು.

೧೮೯೦ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ, ಮಿದುಳಿನ ಕ್ರಿಯೆಯಿಂದ ಹುಟ್ಟುವ ರಾಸಾಯನಿಕ ವಸ್ತುಗಳು ಅಲ್ಲಿನ ಕಿರಿಯ ಅಪಧಮನಿಗಳನ್ನು ಹಿಗ್ಗಿಸುತ್ತವೆ, ಹೀಗೆ ಮಿದುಳು ತನಗೆ ಬೇಕಾದ ರಕ್ತವನ್ನು ಸ್ಥಳೀಯವಾಗಿ ತಾನೇ ಬರಮಾಡಿಕೊಳ್ಳುತ್ತದೆ ಎಂದು ಪ್ರತಿಪಾದಿಸಿದರು. ಆರು ವರ್ಷಗಳ ತರುವಾಯ, ೧೮೯೬ರಲ್ಲಿ, ಲಿಯೊನಾರ್ಡ್ ಹಿಲ್ ಇದಕ್ಕೆ ವಿರುದ್ಧವಾದ ಮತವನ್ನು ಮಂಡಿಸಿದನು. ಮಿದುಳಿನ ನಾಳಗಳನ್ನು ಆಳುವ ನರಗಳಿವೆ ಎನ್ನುವುದಕ್ಕೆ ಆಧಾರವಿಲ್ಲ. ಮಿದುಳಿನ ರಕ್ತಪ್ರವಾಹ ದೇಹದ ರಕ್ತದೊತ್ತಡವನ್ನು ಸುಮ್ಮನೆ ಹಿಂಬಾಲಿಸುತ್ತದೆ ಎಂಬುದು ಅವನ ನಿರ್ಣಯ. ಹಿಲ್‌ನ ಅಧಿಕಾರವಾಣಿ ಸುಮಾರು ಮೂವತ್ತು ವರ್ಷಗಳ ಕಾಲ ಈ ಕ್ಷೇತ್ರದಲ್ಲಿ ಹೊಸ ಪ್ರಯತ್ನಗಳನ್ನು ಕುಂಠಿತಗೊಳಿಸಿತೆಂದರೆ ಉತ್ಪ್ರೇಕ್ಷೆಯಾಗದು. ಅವನ ತರ್ಕದ ದೋಷ ಸ್ಪಷ್ಟವಾಗಿದೆ. ಆಳುವ ನರ ಕಾಣಲಿಲ್ಲವೆಂಬುದರಿಂದ ಆಳ್ವಿಕೆಯೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ರಾಯ್ ಮತ್ತು ಶೆರಿಂಗ್ಟನ್ ಹೇಳಿದ್ದು ನರಗಳ ಆಳ್ವಿಕೆಯನ್ನಲ್ಲ, ರಾಸಾಯನಿಕ ಆಳ್ವಿಕೆಯನ್ನು. ಅದನ್ನು ಹಿಲ್ ಖಂಡಿಸಲಿಲ್ಲ, ಪಕ್ಕಕ್ಕೆ ಸರಿಸಿದನು.

ಈ ಮತವನ್ನು ಅಲುಗಿಸಿದ್ದು ಪ್ರಯೋಗಶಾಲೆಯಲ್ಲ, ಒಬ್ಬ ರೋಗಿಯ ಅನುಭವ. ಬಾಸ್ಟನ್ ನಗರದಲ್ಲಿ ಹಾರ್ವೆ ಕುಶಿಂಗ್‌ನ ಚಿಕಿತ್ಸೆಯಲ್ಲಿದ್ದ ಆ ರೋಗಿಯ ತಲೆಯ ಹಿಂಭಾಗದಲ್ಲಿ ರಕ್ತನಾಳಗಳ ಅಸಹಜ ಗಂಟು ಇದ್ದಿತು. ಅದರೊಳಗೆ ರಕ್ತ ನುಗ್ಗುವ ಮೊರೆತ ಹೊರಗಿನಿಂದ ಕೇಳಿಸುತ್ತಿತ್ತು. ಕಣ್ಣುಗಳನ್ನು ಓದಿಗೆ ತೊಡಗಿಸಿದಾಗ ಮೊರೆತ ಜೋರಾಗುತ್ತಿತ್ತು. ಬೇರೆ ಇಂದ್ರಿಯಗಳಿಗೆ ಕೆಲಸ ಕೊಟ್ಟಾಗ ಆಗುತ್ತಿರಲಿಲ್ಲ. ಜಾನ್ ಫುಲ್ಟನ್ ಇದನ್ನು ಕ್ರಮವಾಗಿ ದಾಖಲಿಸಿ ೧೯೨೮ರಲ್ಲಿ ಪ್ರಕಟಿಸಿದನು. ಒಬ್ಬನೇ ರೋಗಿ, ಅದೂ ರೋಗಗ್ರಸ್ತವಾದ ನಾಳ. ಆದ್ದರಿಂದ ಸಾಮಾನ್ಯ ನಿಯಮವನ್ನು ಇದರಿಂದ ಕಟ್ಟಲಾಗದು. ಆದರೆ ಮೊಸ್ಸೊನಲ್ಲಿ ಇಲ್ಲದ ಒಂದು ಗುಣ ಇಲ್ಲಿದೆ. ಮಿದುಳಿನ ಹಿಂಭಾಗವೇ ದೃಷ್ಟಿಯ ಸ್ಥಾನ. ದೃಷ್ಟಿಯ ಕೆಲಸಕ್ಕೆ ಮಾತ್ರ ಆ ಭಾಗ ಓಗೊಟ್ಟಿತು. ಇಡೀ ದೇಹದ ಉದ್ವೇಗದಿಂದ ಇಂಥ ನಿಯತವಾದ ಪ್ರತಿಕ್ರಿಯೆ ಹುಟ್ಟಲಾರದು.

೪

ಈಗ ೧೯೫೫ರ ಪ್ರಬಂಧಕ್ಕೆ ಬರೋಣ. ಈ ವಿಷಯದಲ್ಲಿ ಅತ್ಯಂತ ಹೆಚ್ಚು ಉಲ್ಲೇಖವನ್ನೂ ಅತ್ಯಂತ ಹೆಚ್ಚು ಅಪಾರ್ಥವನ್ನೂ ಪಡೆದ ಬರವಣಿಗೆ ಇದು. ಫಿಲಡೆಲ್ಫಿಯದಲ್ಲಿ ಸೀಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ೧೯೪೫ರಿಂದ ೧೯೪೮ರ ಅವಧಿಯಲ್ಲಿ ರೂಪಿಸಿದ ವಿಧಾನವೇ ಇದರ ಬುನಾದಿ. ಅಲ್ಪ ಪ್ರಮಾಣದ ನೈಟ್ರಸ್ ಆಕ್ಸೈಡ್ ಅನಿಲವನ್ನು ಸುಮಾರು ಹತ್ತು ನಿಮಿಷ ಉಸಿರಾಡಿಸಿ, ಅಪಧಮನಿಯ ರಕ್ತದಲ್ಲಿಯೂ ಮಿದುಳಿನಿಂದ ಹೊರಬರುವ ಕತ್ತಿನ ಅಭಿಧಮನಿಯ ರಕ್ತದಲ್ಲಿಯೂ ಅದರ ಅಂಶವನ್ನು ಅಳೆದು, ಎರಡರ ಅಂತರದಿಂದ ಮಿದುಳಿನ ರಕ್ತಪ್ರವಾಹವನ್ನು ಗಣಿಸುವುದು ಆ ವಿಧಾನ. ಆರೋಗ್ಯವಂತ ಯುವಕರಲ್ಲಿ ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು ೫೪ ಮಿಲಿಲೀಟರ್ ರಕ್ತವೂ, ಸುಮಾರು ೩.೩ ಮಿಲಿಲೀಟರ್ ಆಮ್ಲಜನಕದ ವ್ಯಯವೂ ಕಂಡುಬಂದವು. ೧,೪೦೦ ಗ್ರಾಂ ತೂಕದ ಮಿದುಳಿಗೆ ಇದು ನಿಮಿಷಕ್ಕೆ ಮುಕ್ಕಾಲು ಲೀಟರಿನಷ್ಟು ರಕ್ತವಾಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಅವಯವ ವಿಶ್ರಾಂತಿಯಲ್ಲಿರುವ ದೇಹದ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುತ್ತದೆ ಎಂಬ ಪ್ರಸಿದ್ಧವಾದ ಮಾತು ಈ ಬಗೆಯ ಅಳತೆಗಳಿಂದಲೇ ಬಂದುದು.

ಲೂಯಿ ಸೊಕೊಲಾಫ್, ಕೆಟಿ ಮತ್ತು ಅವರ ಸಹೋದ್ಯೋಗಿಗಳು ಇದೇ ವಿಧಾನದಿಂದ, ವಿಶ್ರಾಂತಿಯಲ್ಲಿದ್ದಾಗ ಒಮ್ಮೆಯೂ ಬಾಯಿಲೆಕ್ಕ ಮಾಡುತ್ತಿದ್ದಾಗ ಒಮ್ಮೆಯೂ ಅಳತೆ ಮಾಡಿದರು. ಮಿದುಳಿನ ಒಟ್ಟು ರಕ್ತಪ್ರವಾಹದಲ್ಲಾಗಲಿ ಆಮ್ಲಜನಕದ ವ್ಯಯದಲ್ಲಾಗಲಿ ಗಣನೀಯವಾದ ಬದಲಾವಣೆ ಕಾಣಲಿಲ್ಲ. ಇದು ಪ್ರಾಮಾಣಿಕವಾದ, ನಿಷ್ಕೃಷ್ಟವಾದ ಫಲಿತಾಂಶ. ಇದನ್ನು ಯಾರೂ ಅಲ್ಲಗಳೆದಿಲ್ಲ. ಆಲೋಚನೆಯ ಹೊತ್ತಿಗೆ ಇಡೀ ತಲೆಗೆ ರಕ್ತ ಉಕ್ಕಿ ಬರುತ್ತದೆಂಬ ಜನಪ್ರಿಯ ನಂಬಿಕೆಗೆ ಇದು ಸಮರ್ಪಕವಾದ ಖಂಡನೆ. ಆದರೆ ಇದರಿಂದ ಹೊರಟ ಇನ್ನೊಂದು ಮಾತು, ಆಲೋಚನೆಗೆ ಶರೀರದಲ್ಲಿ ಬೆಲೆಯೇ ಇಲ್ಲ, ರಕ್ತನಾಳಗಳಿಗೆ ಮನಃಶ್ರಮದ ಅರಿವೇ ಇಲ್ಲ ಎಂಬುದು, ಫಲಿತಾಂಶದಲ್ಲಿ ಇಲ್ಲದುದನ್ನು ಫಲಿತಾಂಶಕ್ಕೆ ಆರೋಪಿಸಿದ್ದು.

ಒಂದು ಹೋಲಿಕೆಯಿಂದ ಇದನ್ನು ವಿಶದಪಡಿಸಬಹುದು. ಕೆರೆಯ ತೂಬಿನಿಂದ ಹೊರಟ ಒಟ್ಟು ನೀರನ್ನು ಮಾತ್ರ ಅಳೆಯುವವನಿಗೆ, ನೀರುಗಂಟಿ ಇಂದು ಯಾವ ಗದ್ದೆಯ ಮಡೆಯನ್ನು ತೆರೆದನು, ಯಾವುದನ್ನು ಮುಚ್ಚಿದನು ಎಂಬುದು ತಿಳಿಯುವುದಿಲ್ಲ. ಒಟ್ಟು ಮೊತ್ತ ಹಾಗೆಯೇ ಇದ್ದು ಹಂಚಿಕೆ ಪೂರಾ ಬದಲಾಗಿರಬಹುದು. ಅಂಕಿಗಳಲ್ಲಿ ಹೇಳುವುದಾದರೆ, ಮಿದುಳಿನ ಇಪ್ಪತ್ತನೆಯ ಒಂದು ಪಾಲಿನಲ್ಲಿ ರಕ್ತಪ್ರವಾಹ ನೂರಕ್ಕೆ ಮೂವತ್ತು ಹೆಚ್ಚಿತೆಂದು ಊಹಿಸೋಣ. ಇಡೀ ಮಿದುಳಿನ ಸರಾಸರಿಯಲ್ಲಿ ಅದು ನೂರಕ್ಕೆ ಒಂದೂವರೆಯಷ್ಟು ಏರಿಕೆ. ಬೇರೊಂದು ಭಾಗದಲ್ಲಿ ಅದೇ ವೇಳೆಗೆ ಅಲ್ಪ ಇಳಿಕೆಯಾದರೆ ಆ ಒಂದೂವರೆಯೂ ಉಳಿಯದು. ಹತ್ತು ನಿಮಿಷಗಳ ಸರಾಸರಿಯನ್ನು ಕೊಡುವ ವಿಧಾನ ಇದನ್ನು ಹಿಡಿಯಲಾರದು. ಇದು ವಿಧಾನದ ತಪ್ಪಲ್ಲ. ಅದಕ್ಕೆ ಕೇಳದ ಪ್ರಶ್ನೆಗೆ ಅದರಿಂದ ಉತ್ತರ ಪಡೆದವರ ತಪ್ಪು.

ಭಾಗಭಾಗವಾಗಿ ಅಳೆಯುವ ಸಾಧನಗಳು ಬಂದಾಗ ಈ ಮಾತು ಸ್ಥಿರಪಟ್ಟಿತು. ಕೋಪನ್‌ಹೇಗನ್ನಿನ ನೀಲ್ಸ್ ಲಾಸೆನ್, ಲುಂಡ್ ನಗರದ ಡೇವಿಡ್ ಇಂಗ್ವಾರ್ ಮತ್ತು ಅವರ ಸಂಗಡಿಗರು ವಿಕಿರಣಶೀಲ ಅನಿಲಗಳನ್ನು ಬಳಸಿ, ತಲೆಯ ಪಕ್ಕದಲ್ಲಿಟ್ಟ ೨೫೪ ಶೋಧಕಗಳ ಮೂಲಕ, ಓದುವಾಗ ಒಂದು ವಿನ್ಯಾಸವೂ ಮಾತನಾಡುವಾಗ ಇನ್ನೊಂದು ವಿನ್ಯಾಸವೂ ಮೂಡುವುದನ್ನು ತೋರಿಸಿದರು. ಅವರ ಕೆಲಸದ ಸಾರಾಂಶ ೧೯೭೮ರಲ್ಲಿ ಸಾಮಾನ್ಯ ಓದುಗರಿಗೂ ಲಭ್ಯವಾಯಿತು. ಪೀಟರ್ ಫಾಕ್ಸ್ ಮತ್ತು ಮಾರ್ಕಸ್ ರೈಕ್ಲ್ ೧೯೮೬ರಲ್ಲಿ ಪ್ರಕಟಿಸಿದ ಅಳತೆ ಇನ್ನೊಂದು ಅನಿರೀಕ್ಷಿತ ಸಂಗತಿಯನ್ನು ಹೊರತಂದಿತು. ಬೆರಳಿನ ಸ್ಪರ್ಶದಿಂದ ಚೋದಿತವಾದ ಮಿದುಳಿನ ಭಾಗದಲ್ಲಿ ರಕ್ತಪ್ರವಾಹ ನೂರಕ್ಕೆ ೨೯ರಷ್ಟು ಹೆಚ್ಚಿದರೆ ಆಮ್ಲಜನಕದ ವ್ಯಯ ಹೆಚ್ಚಿದ್ದು ನೂರಕ್ಕೆ ೫ರಷ್ಟು ಮಾತ್ರ. ೧೯೮೮ರಲ್ಲಿ ದೃಷ್ಟಿಯ ಭಾಗದಲ್ಲಿ ರಕ್ತಪ್ರವಾಹವೂ ಗ್ಲೂಕೋಸಿನ ಬಳಕೆಯೂ ನೂರಕ್ಕೆ ಸುಮಾರು ೫೦ರಷ್ಟು ಏರಿದಾಗಲೂ ಆಮ್ಲಜನಕದ ಏರಿಕೆ ನೂರಕ್ಕೆ ೫ರ ಆಸುಪಾಸಿನಲ್ಲಿಯೇ ಇದ್ದಿತು. ಬೇಡಿಕೆಗಿಂತ ಪೂರೈಕೆ ಮಿಗಿಲಾದಾಗ ಅಲ್ಲಿನ ಸಿರೆಗಳಲ್ಲಿ ಆಮ್ಲಜನಕ ಉಳಿದುಹೋಗುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ನಿನ ಕಾಂತಗುಣ ಬೇರೆ. ಸೈಜಿ ಒಗಾವ ೧೯೯೦ರಲ್ಲಿ ಈ ಅಂತರವನ್ನು ಹಿಡಿದು ಚಿತ್ರಿಸುವ ಮಾರ್ಗವನ್ನು ತೋರಿಸಿದನು. ಇಂದಿನ ಕಾಂತೀಯ ಅನುರಣನ ಚಿತ್ರಗಳಲ್ಲಿ ಕೆಂಪಾಗಿ ಕಾಣುವುದು ಆಲೋಚನೆಯಲ್ಲ, ನರಕೋಶವೂ ಅಲ್ಲ. ಈ ಮಿಗುತಾಯ ಮಾತ್ರ.

೫

ಎರಡನೆಯ ಗೊಂದಲಕ್ಕೆ ಒಳ್ಳೆಯ ನಿದರ್ಶನ ಡಾಪ್ಲರ್ ವಿಧಾನ. ೧೯೮೨ರಲ್ಲಿ ರೂನೆ ಆಸ್ಲಿಡ್ ಮತ್ತು ಸಂಗಡಿಗರು ತಲೆಬುರುಡೆಯ ತೆಳುವಾದ ಭಾಗದ ಮೂಲಕ ಶ್ರವಣಾತೀತ ಶಬ್ದವನ್ನು ಹಾಯಿಸಿ, ಮಿದುಳಿನ ಮಧ್ಯ ಅಪಧಮನಿಯಲ್ಲಿ ರಕ್ತ ಸಾಗುವ ವೇಗವನ್ನು ಅಳೆದರು. ಇದರಲ್ಲಿ ಸೂಜಿ ಇಲ್ಲ, ವಿಕಿರಣವಿಲ್ಲ. ಬಡಿತ ಬಡಿತಕ್ಕೂ ಅಳತೆ ಸಿಗುತ್ತದೆ. ಆದ್ದರಿಂದ ಮನಃಶ್ರಮದ ಪ್ರಯೋಗಗಳಿಗೆ ಇದು ಅತ್ಯಂತ ಅನುಕೂಲವಾಯಿತು. ಆದರೆ ಇದು ಕೊಡುವುದು ಸೆಕೆಂಡಿಗೆ ಇಷ್ಟು ಸೆಂಟಿಮೀಟರ್ ಎಂಬ ವೇಗವನ್ನು. ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂಬ ಪ್ರವಾಹವನ್ನಲ್ಲ. ವೇಗವನ್ನು ಪ್ರವಾಹವೆಂದು ಓದಬೇಕಾದರೆ ನಾಳದ ಅಗಲ ಬದಲಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು. ಅಗಲವಾದ ಕಾಲುವೆ ಕಿರಿದಾದ ಎಡೆಯಲ್ಲಿ ನೀರು ರಭಸವಾಗಿ ಓಡುವುದನ್ನು ಕಂಡು ನೀರು ಹೆಚ್ಚಾಯಿತೆಂದು ಯಾವ ರೈತನೂ ಹೇಳುವುದಿಲ್ಲ.

ಬಹುಕಾಲ ಈ ಒಪ್ಪಿಗೆಯನ್ನು ಪ್ರಶ್ನಿಸದೆ ಸ್ವೀಕರಿಸಲಾಗಿತ್ತು. ೨೦೧೪ರಲ್ಲಿ ಪ್ರಕಟವಾದ ಕಾಂತೀಯ ಚಿತ್ರಣಗಳು, ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಸಾಕಷ್ಟು ಬದಲಾದಾಗ ಈ ದೊಡ್ಡ ಅಪಧಮನಿಯ ಅಗಲವೂ ಬದಲಾಗುತ್ತದೆಂಬುದನ್ನು ತೋರಿಸಿದವು. ನಾಳದ ವ್ಯಾಸ ನೂರಕ್ಕೆ ಐದು ಕುಗ್ಗಿದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ವೇಗ ಮೊದಲಿನಂತೆಯೇ ಇದ್ದರೂ ಪ್ರವಾಹ ನೂರಕ್ಕೆ ಹತ್ತು ಇಳಿದಿರುತ್ತದೆ. ಉಪಕರಣ ಮಾತ್ರ ಏನೂ ಆಗಲಿಲ್ಲವೆಂದು ಹೇಳುತ್ತಿರುತ್ತದೆ.

ಇಂಗಾಲದ ಡೈಆಕ್ಸೈಡಿನ ಪ್ರಭಾವ ಅಲ್ಪವಾದುದೆಂದು ತಿಳಿಯಬಾರದು. ಕೆಟಿ ಮತ್ತು ಶ್ಮಿಟ್ ಅವರ ಅಳತೆಗಳಲ್ಲಿಯೇ, ನೂರಕ್ಕೆ ಐದರಿಂದ ಏಳರಷ್ಟು ಈ ಅನಿಲವನ್ನು ಉಸಿರಾಡಿದವರಲ್ಲಿ ಮಿದುಳಿನ ರಕ್ತಪ್ರವಾಹ ನೂರಕ್ಕೆ ಸುಮಾರು ಎಪ್ಪತ್ತೈದರಷ್ಟು ಹೆಚ್ಚಿತು. ರಭಸವಾಗಿ ಉಸಿರಾಡಿ ಅನಿಲವನ್ನು ಹೊರಹಾಕಿದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಇಳಿಯಿತು. ಈಗ ಬಾಯಿಲೆಕ್ಕದ ಪ್ರಯೋಗವನ್ನು ನೆನೆಯಿರಿ. ಎದುರಿಗೆ ಪರೀಕ್ಷಕ, ಕೈಯಲ್ಲಿ ಗಡಿಯಾರ. ಬೇಗ ಹೇಳಬೇಕೆಂಬ ಆತುರ. ಇಂಥ ಸ್ಥಿತಿಯಲ್ಲಿ ಉಸಿರಾಟ ಅರಿವಿಲ್ಲದೆಯೇ ಹೆಚ್ಚುವುದುಂಟು. ಉಸಿರು ಹೆಚ್ಚಿದರೆ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ಕಿರುಧಮನಿಗಳು ಸಂಕುಚಿತವಾಗುತ್ತವೆ. ಹಾಗೆಯೇ ರಕ್ತದೊತ್ತಡ ಏರಿ ರಕ್ತವನ್ನು ಒಳಕ್ಕೆ ದೂಡುತ್ತದೆ. ಸುಮಾರು ೬೦ರಿಂದ ೧೫೦ ಮಿಲಿಮೀಟರ್ ಪಾದರಸದ ಸರಾಸರಿ ಒತ್ತಡದವರೆಗೆ ಮಿದುಳಿನ ರಕ್ತಪ್ರವಾಹ ಸ್ಥಿರವಾಗಿ ಉಳಿಯುತ್ತದೆಂಬ ರೇಖೆಯನ್ನು ಲಾಸೆನ್ ೧೯೫೯ರಲ್ಲಿ ಬರೆದನು. ಆದರೆ ಆ ಸ್ವಯಂನಿಯಂತ್ರಣಕ್ಕೆ ಕೆಲವು ಸೆಕೆಂಡುಗಳ ಕಾಲಾವಕಾಶ ಬೇಕು, ಅಲ್ಲದೆ ರೇಖೆಯ ಸಮತಟ್ಟಾದ ಭಾಗ ಲಾಸೆನ್ ಎಣಿಸಿದುದಕ್ಕಿಂತ ಕಿರಿದೆಂಬುದು ಈಚಿನ ಅಭಿಪ್ರಾಯ. ಹೀಗೆ ಒಂದೇ ಬಾಯಿಲೆಕ್ಕದಲ್ಲಿ ಮೂರು ಬಲಗಳು ಕೂಡಿಕೊಂಡಿವೆ: ನರಕೋಶಗಳ ಬೇಡಿಕೆ, ಉಸಿರಿನಿಂದ ಬಂದ ಸಂಕೋಚ, ಒತ್ತಡದಿಂದ ಬಂದ ನೂಕು. ಮೂರನ್ನೂ ಬೇರೆಬೇರೆಯಾಗಿ ಅಳೆಯದ ಪ್ರಯೋಗ ಯಾವ ಉತ್ತರ ಕೊಟ್ಟರೂ ಅದನ್ನು ಮನಃಶ್ರಮದ ಉತ್ತರವೆಂದು ಸ್ವೀಕರಿಸಲಾಗದು.

೬

ಮೂರನೆಯ ಗೊಂದಲ ಇದರಿಂದಲೇ ಹೊರಡುತ್ತದೆ. ಪ್ರಾಗ್ ನಗರದ ಯಾನ್ ಬ್ರಾಡ್ ಮತ್ತು ಸಂಗಡಿಗರು ೧೯೫೯ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿಯೂ ಕೊಟ್ಟ ಕೆಲಸ ಬಾಯಿಲೆಕ್ಕವೇ. ಆದರೆ ಅವರು ಅದನ್ನು ಭಾವೋದ್ವೇಗವನ್ನು ಹುಟ್ಟಿಸುವ ಸಾಧನವೆಂದು ಸ್ಪಷ್ಟವಾಗಿ ಕರೆದರು. ರಕ್ತದೊತ್ತಡ ಏರಿತು, ಮೂತ್ರಪಿಂಡದ ನಾಳಗಳು ಸಂಕುಚಿತವಾದವು, ಮುಂದೋಳಿನ ಸ್ನಾಯುಗಳ ನಾಳಗಳು ಹಿಗ್ಗಿದವು. ಕುಳಿತು ಕಳೆಯುವ ಲೆಕ್ಕ ಮಾಡುವವನ ದೇಹ ಓಟಕ್ಕೋ ಕಾದಾಟಕ್ಕೋ ಅಣಿಯಾಗುವವನ ದೇಹದಂತೆ ವರ್ತಿಸಿತು. ಅದೇ ಬಾಯಿಲೆಕ್ಕವನ್ನು ಸೊಕೊಲಾಫ್ ಶ್ರಮವೆಂದೂ ಬ್ರಾಡ್ ಉದ್ವೇಗವೆಂದೂ ಓದಿದರು. ಕೆಲಸ ಒಂದೇ, ಹೆಸರು ಎರಡು.

ಹೃದಯದ ನಾಳಗಳಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ೧೯೯೧ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೃದಯದ ಅಪಧಮನಿಗಳನ್ನು ಚಿತ್ರಿಸುತ್ತಿರುವಾಗಲೇ ರೋಗಿಗಳಿಗೆ ಬಾಯಿಲೆಕ್ಕ ಕೊಡಲಾಯಿತು. ಒಳಗೋಡೆ ನಯವಾಗಿದ್ದ ನಾಳಭಾಗಗಳು ಹಿಗ್ಗಿದವು, ಇಲ್ಲವೆ ಹಾಗೆಯೇ ಉಳಿದವು. ಕೊಬ್ಬು ಕಟ್ಟಿ ಕಿರಿದಾಗಿದ್ದ ಭಾಗಗಳು ಮತ್ತಷ್ಟು ಸಂಕುಚಿತವಾದವು. ೨೦೦೦ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕೆಲವೇ ನಿಮಿಷಗಳ ಮಾನಸಿಕ ಒತ್ತಡಕ್ಕೆ ಒಳಗಾದ ಆರೋಗ್ಯವಂತರಲ್ಲಿಯೂ ತೋಳಿನ ಅಪಧಮನಿ ಹಿಗ್ಗುವ ಶಕ್ತಿ ಅರ್ಧ ಗಂಟೆ ಕಳೆದ ಮೇಲೆಯೂ ಕುಂದಿದ್ದಿತು. ಎಂದ ಮೇಲೆ ಅಪಧಮನಿಯ ಪ್ರತಿಕ್ರಿಯೆಯನ್ನು ನಿರ್ಣಯಿಸುವುದು ಮನಸ್ಸಿನ ಕೆಲಸವೊಂದೇ ಅಲ್ಲ. ಆ ನಾಳ ಯಾವ ಅವಯವಕ್ಕೆ ಸೇರಿದುದು, ಅದರ ಒಳಗೋಡೆ ಯಾವ ಸ್ಥಿತಿಯಲ್ಲಿದೆ ಎಂಬುದೂ ಹೌದು.

ಆದುದರಿಂದ ಇಂಥ ಪ್ರಯೋಗಗಳನ್ನು ಓದುವವನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಪ್ರಯೋಗಕ್ಕೆ ಒಳಗಾದವನು ಆಲೋಚಿಸುತ್ತಿದ್ದನೋ, ಹೆದರುತ್ತಿದ್ದನೋ? ಕಷ್ಟದಲ್ಲಿ ಸಮಾನವಾಗಿ ಆತಂಕದಲ್ಲಿ ಭಿನ್ನವಾಗಿರುವ ಎರಡು ಕೆಲಸಗಳನ್ನು ಹೋಲಿಸಿದ ಪ್ರಯೋಗ ಮಾತ್ರ ಇದಕ್ಕೆ ಉತ್ತರ ಕೊಡಬಲ್ಲದು. ಯಾರೂ ಅವಸರಪಡಿಸದೆ ತನ್ನಷ್ಟಕ್ಕೆ ತಾನು ಲೆಕ್ಕ ಬಿಡಿಸುವವನ ನಾಳಗಳನ್ನು ಕುರಿತು, ತಪ್ಪಿದಾಗಲೆಲ್ಲ ತಿದ್ದಿಸಿಕೊಳ್ಳುತ್ತ ಲೆಕ್ಕ ಹೇಳುವವನ ನಾಳಗಳಿಂದ ತೀರ್ಮಾನಿಸುವುದು ಸಾಧುವಲ್ಲ.

೭

ಇನ್ನು ನಾಳಕ್ಕೆ ನರಕೋಶದ ಅವಶ್ಯಕತೆ ತಿಳಿಯುವ ಬಗೆಯನ್ನು ಸಂಕ್ಷೇಪವಾಗಿ ನೋಡಬೇಕು. ಏಕೆಂದರೆ ಚಿತ್ರಗಳ ಅರ್ಥ ಇದನ್ನೇ ಅವಲಂಬಿಸಿದೆ. ರಾಯ್ ಮತ್ತು ಶೆರಿಂಗ್ಟನ್ ಅವರ ಅಭಿಪ್ರಾಯದಂತೆ ಕ್ರಿಯೆಯ ಉಳಿಕೆ ವಸ್ತುಗಳು ನಾಳವನ್ನು ಹಿಗ್ಗಿಸುತ್ತವೆ. ಎಂದರೆ ಮೊದಲು ವ್ಯಯ, ಆಮೇಲೆ ಪೂರೈಕೆ. ಇದು ಭಾಗಶಃ ಮಾತ್ರ ನಿಜವೆಂದು ಈಗ ತಿಳಿದಿದೆ. ೨೦೦೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಉಸಿರಾಡುವ ಗಾಳಿಯ ಆಮ್ಲಜನಕವನ್ನು ಇಳಿಸಿದರೂ ದೃಷ್ಟಿಯ ಚೋದನೆಗೆ ರಕ್ತಪ್ರವಾಹ ಏರುವ ಪ್ರಮಾಣ ಹೆಚ್ಚಲಿಲ್ಲ. ಕೊರತೆಯೇ ಕರೆಯಾಗಿದ್ದರೆ ಅದು ಹೆಚ್ಚಬೇಕಾಗಿತ್ತು. ನರಕೋಶಗಳು ಪರಸ್ಪರ ಸಂಜ್ಞೆ ಕಳುಹಿಸುವಾಗಲೇ ನೈಟ್ರಿಕ್ ಆಕ್ಸೈಡಿನಂಥ ವಸ್ತುಗಳು ಹೊರಬಂದು ಕಿರುಧಮನಿಗಳನ್ನು ಸಡಿಲಿಸುತ್ತವೆ. ನರಕೋಶಗಳನ್ನು ಸುತ್ತುವರಿದ ಆಸ್ಟ್ರೊಸೈಟ್ ಕೋಶಗಳೂ ಲೋಮನಾಳಗಳನ್ನು ತಬ್ಬಿರುವ ಪೆರಿಸೈಟ್ ಕೋಶ಼ಗಳೂ ಇದರಲ್ಲಿ ಭಾಗಿಗಳು. ಲೋಮನಾಳದ ಗೋಡೆಯೇ ಪೊಟ್ಯಾಸಿಯಂನ ಏರಿಕೆಯನ್ನು ಗ್ರಹಿಸಿ ಸಂಜ್ಞೆಯನ್ನು ಮೇಲಣ ಕಿರುಧಮನಿಗೆ ರವಾನಿಸುತ್ತದೆಂಬುದು ೨೦೧೭ರಲ್ಲಿ ಇಲಿಗಳಂಥ ಪ್ರಾಣಿಗಳಲ್ಲಿ ಕಂಡುಬಂದಿತು. ಗದ್ದೆ ಒಣಗುವವರೆಗೆ ಕಾಯದೆ, ನಾಟಿಯ ಸುದ್ದಿ ಕೇಳಿದೊಡನೆ ಮಡೆ ತೆರೆಯುವ ವ್ಯವಸ್ಥೆ ಇದು.

ಈ ಸಂಜ್ಞಾಸರಣಿಯ ಯಾವ ಕೊಂಡಿ ಸಡಿಲವಾದರೂ, ನರಕೋಶ ತನ್ನ ಕೆಲಸ ಮಾಡುತ್ತಿದ್ದರೂ ರಕ್ತಪ್ರವಾಹ ಏರುವುದಿಲ್ಲ. ದೀರ್ಘಕಾಲದ ಅಧಿಕ ರಕ್ತದೊತ್ತಡದಲ್ಲಿಯೂ ಆಲ್ಜೈಮರ್ ರೋಗದಲ್ಲಿಯೂ ಈ ಸಂಬಂಧ ದುರ್ಬಲವಾಗುತ್ತದೆಂಬುದಕ್ಕೆ ಸಾಕಷ್ಟು ಆಧಾರವಿದೆ. ಕತ್ತಿನ ಅಪಧಮನಿ ಕಿರಿದಾದವರಲ್ಲಿಯೂ ಪ್ರತಿಕ್ರಿಯೆ ಕುಂದಬಹುದು. ಈಗ ಒಬ್ಬ ವೃದ್ಧನಿಗೂ ಒಬ್ಬ ಯುವಕನಿಗೂ ಒಂದೇ ಕೆಲಸ ಕೊಟ್ಟು ಚಿತ್ರ ತೆಗೆದಾಗ ವೃದ್ಧನ ಚಿತ್ರ ಮಂಕಾಗಿ ಬಂದಿತೆನ್ನೋಣ. ಅವನ ಬುದ್ಧಿ ಕುಗ್ಗಿದೆಯೆಂದು ಹೇಳಬಹುದೆ? ಅವನ ನಾಳಗಳು ಪೆಡಸಾಗಿರಬಹುದು. ಅವನ ಉಸಿರಾಟ ಬೇರೆಯಾಗಿರಬಹುದು. ರಕ್ತದೊತ್ತಡಕ್ಕೆ ಅವನು ಸೇವಿಸುವ ಔಷಧದ ಪ್ರಭಾವವಿರಬಹುದು. ಅವನು ಲೆಕ್ಕವನ್ನು ಸರಿಯಾಗಿಯೇ ಹೇಳಿದ್ದರೆ ಆ ಉತ್ತರ ಚಿತ್ರಕ್ಕಿಂತ ಪ್ರಬಲವಾದ ಪ್ರಮಾಣ. ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಮಂಕಾದ ಚಿತ್ರ ನಾಳಗಳ ರೋಗದ ಮುನ್ಸೂಚನೆಯಾಗಿದ್ದರೆ, ಅದನ್ನು ಮುಪ್ಪಿನ ಮರೆವೆಂದು ತಳ್ಳಿಹಾಕುವುದರಿಂದ ಚಿಕಿತ್ಸೆಯ ಕಾಲ ಕಳೆದುಹೋಗುತ್ತದೆ. ರಕ್ತದೊತ್ತಡವನ್ನು ಹತೋಟಿಗೆ ತರುವುದು ಸಾಧ್ಯ; ಆದ್ದರಿಂದ ದೋಷ ನಾಳದ್ದೋ ನರಕೋಶದ್ದೋ ಎಂಬ ವಿವೇಚನೆಗೆ ವ್ಯಾವಹಾರಿಕ ಬೆಲೆಯಿದೆ.

ಕನ್ನಡದಲ್ಲಿ ಈ ವಿಷಯವನ್ನು ಬರೆಯುವವರಿಗೆ ಒಂದು ಸೂಚನೆ ಇಲ್ಲಿ ಅಪ್ರಸ್ತುತವಾಗಲಾರದು. ರಕ್ತಸಂಚಾರ, ರಕ್ತಪ್ರವಾಹ, ರಕ್ತಪೂರೈಕೆ ಎಂಬ ಮಾತುಗಳನ್ನು ಒಂದರ ಬದಲು ಇನ್ನೊಂದಾಗಿ ಬಳಸುವ ರೂಢಿ ನಮ್ಮಲ್ಲಿದೆ. ಸಾಮಾನ್ಯ ಬರಹಕ್ಕೆ ಇದರಿಂದ ಹಾನಿಯಿಲ್ಲ. ಆದರೆ ಪ್ರಯೋಗದ ಫಲಿತಾಂಶವನ್ನು ಹೇಳುವಾಗ, ಒಂದು ಕ್ಷಣದಲ್ಲಿ ತುಂಬಿರುವ ರಕ್ತಕ್ಕೆ ರಕ್ತದ ಪರಿಮಾಣವೆಂದೂ, ನಿಮಿಷಕ್ಕೆ ಹಾದುಹೋಗುವ ರಕ್ತಕ್ಕೆ ರಕ್ತಪ್ರವಾಹವೆಂದೂ, ಅದು ಸಾಗುವ ರಭಸಕ್ಕೆ ರಕ್ತವೇಗವೆಂದೂ ನಿಯತವಾಗಿ ಬಳಸಿದರೆ ಮೇಲೆ ವಿವರಿಸಿದ ಅಪಾರ್ಥಗಳಲ್ಲಿ ಅರ್ಧದಷ್ಟು ಹುಟ್ಟುವ ಮುನ್ನವೇ ಅಡಗುತ್ತವೆ. ಅಂತೆಯೇ ಮನಃಶ್ರಮವೆಂಬ ಮಾತನ್ನು ಬಳಸುವಾಗ ಕೊಟ್ಟ ಕೆಲಸವೇನು, ಯಾವ ಸನ್ನಿವೇಶದಲ್ಲಿ ಕೊಟ್ಟದ್ದು ಎಂಬುದನ್ನು ಜೊತೆಯಲ್ಲಿಯೇ ಹೇಳುವುದು ಯುಕ್ತ.

ಒಟ್ಟಿನಲ್ಲಿ ಮೊದಲ ಪ್ರಶ್ನೆಗೆ ಇಂದು ಕೊಡಬಹುದಾದ ಉತ್ತರ ಇಷ್ಟು: ಆಲೋಚಿಸುವಾಗ ಮಿದುಳಿನ ಕೆಲವು ಭಾಗಗಳಿಗೆ ರಕ್ತಪ್ರವಾಹ ಹೆಚ್ಚುತ್ತದೆ, ಕೆಲವಕ್ಕೆ ಕಡಮೆಯಾಗುತ್ತದೆ, ಒಟ್ಟು ಮೊತ್ತ ಬಹುಮಟ್ಟಿಗೆ ಬದಲಾಗುವುದಿಲ್ಲ, ಆಲೋಚನೆಯ ಜೊತೆಗೆ ಉದ್ವೇಗ ಬೆರೆತಾಗ ದೇಹದ ಇತರ ಅಪಧಮನಿಗಳೂ ಉಸಿರಾಟವೂ ಈ ಲೆಕ್ಕದೊಳಗೆ ಪ್ರವೇಶಿಸುತ್ತವೆ. ಮೊಸ್ಸೊ, ಫುಲ್ಟನ್, ಸೊಕೊಲಾಫ್, ಬ್ರಾಡ್ ಇವರ ಪ್ರಯೋಗಗಳು ಈ ಉತ್ತರದೊಳಗೆ ಪರಸ್ಪರ ವಿರೋಧವಿಲ್ಲದೆ ನಿಲ್ಲುತ್ತವೆ. ನಿಲ್ಲದಿರುವುದು ಹಿಲ್‌ನ ನಿರ್ಣಯವೂ, ೧೯೫೫ರ ಫಲಿತಾಂಶಕ್ಕೆ ಅಂಟಿಸಿದ ಅತಿವ್ಯಾಖ್ಯಾನವೂ ಮಾತ್ರ. ನಮ್ಮ ವಿದ್ಯಾರ್ಥಿಗಳು ಮುಂದೆ ಇಂಥ ಅಳತೆಗಳನ್ನು ಕೈಗೊಳ್ಳುವಾಗ ರಕ್ತದೊತ್ತಡವನ್ನೂ ಹೊರಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ ಜೊತೆಜೊತೆಗೆ ದಾಖಲಿಸಿ, ವೇಗವನ್ನು ವೇಗವೆಂದೇ ವರದಿ ಮಾಡಿ, ಆತಂಕವನ್ನು ಪ್ರತ್ಯೇಕವಾಗಿ ಪರೀಕ್ಷಿಸುವರೆಂದು ಆಶಿಸಬಹುದು. ಅದಕ್ಕೆ ಬೇಕಾದ ಸಾಧನಗಳು ದುಬಾರಿಯಾದುವಲ್ಲ.